ಅರಿವಿನ ಕೊರತೆ ಯಾರದು? ಗಿರಿಜನ ರೈತರು, ಸರ್ಕಾರದ ಯೋಜನೆಗಳು ಮತ್ತು ಆಡಳಿತ ಕನ್ನಡ

ಬುಡಕಟ್ಟು ಸಮುದಾಯಗಳ ಅಭಿವೃದ್ಧಿಯನ್ನು ಕುರಿತ ವರದಿಗಳಲ್ಲಿ, ಸಮೀಕ್ಷೆಗಳಲ್ಲಿ, ವಿಚಾರಸಂಕಿರಣಗಳ ನಿರ್ಣಯಗಳಲ್ಲಿ ಪದೇ ಪದೇ ಎದುರಾಗುವ ಒಂದು ತೀರ್ಮಾನವಿದೆ. ಗಿರಿಜನ ರೈತರಿಗೆ ಸರ್ಕಾರದ ಯೋಜನೆಗಳ ಅರಿವಿಲ್ಲ, ಆದ್ದರಿಂದ ಯೋಜನೆಗಳು ಅವರನ್ನು ತಲುಪುತ್ತಿಲ್ಲ, ಆದಕಾರಣ ಅವರಲ್ಲಿ ಅರಿವು ಮೂಡಿಸಬೇಕು ಎಂಬುದೇ ಆ ತೀರ್ಮಾನ. ಮೇಲ್ನೋಟಕ್ಕೆ ಇದು ಕಾಳಜಿಯ ಮಾತಾಗಿ ತೋರುತ್ತದೆ. ಆದರೆ ಯೋಜನೆ ಪರಿಪೂರ್ಣವಾಗಿದೆ, ಅದನ್ನು ಹೇಳುವ ಭಾಷೆ ಸ್ಪಷ್ಟವಾಗಿದೆ, ಕೊರತೆಯಿರುವುದು ಕೇಳುವವನಲ್ಲಿ ಮಾತ್ರ ಎಂಬ ಪೂರ್ವಗ್ರಹವೊಂದು ಇದರೊಳಗೆ ಅಡಗಿದೆ.

ಈ ಪೂರ್ವಗ್ರಹವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗಿರಿಜನ ರೈತನ ತಿಳಿವಳಿಕೆಯನ್ನು ರೂಪಿಸುವ ಅಂಶಗಳಲ್ಲಿ ಅವನ ವಯಸ್ಸು, ಓದು, ಆದಾಯಗಳಿಗಿಂತ ಮುಖ್ಯವಾದವು ಮೂರು: ಅವನ ಕೈಯಲ್ಲಿರುವ ಭೂದಾಖಲೆ, ಸುದ್ದಿಯನ್ನು ಅವನಿಗೆ ತರುವ ವ್ಯಕ್ತಿ, ಮತ್ತು ಆ ಸುದ್ದಿ ಬರುವ ಭಾಷೆ. ಮೊದಲಿನ ಎರಡು ಆಡಳಿತಕ್ಕೆ ಸೇರಿದ ಸಂಗತಿಗಳು. ಮೂರನೆಯದು ಕನ್ನಡ ವಿಭಾಗಗಳ ಕಾರ್ಯಕ್ಷೇತ್ರಕ್ಕೆ ನೇರವಾಗಿ ಸೇರಿದ್ದು. ಆದರೂ ಕನ್ನಡ ಸಂಶೋಧನೆ ಇದನ್ನು ತನ್ನ ವಿಷಯವೆಂದು ಭಾವಿಸಿರುವುದು ವಿರಳ.

ಅಳತೆಯ ಸಮಸ್ಯೆ

ತಿಳಿವಳಿಕೆಯನ್ನು ಅಳೆಯುವ ಕೆಲಸವನ್ನು ಇದುವರೆಗೆ ಹೆಚ್ಚಾಗಿ ಮಾಡಿರುವವರು ಕೃಷಿ ವಿಸ್ತರಣಾ ಶಾಸ್ತ್ರದವರು. ವಯಸ್ಸು, ಶಿಕ್ಷಣ, ಹಿಡುವಳಿಯ ವಿಸ್ತೀರ್ಣ, ವಾರ್ಷಿಕ ಆದಾಯ, ಸಮೂಹ ಮಾಧ್ಯಮಗಳ ಬಳಕೆ, ಅಧಿಕಾರಿಗಳೊಡನೆ ಸಂಪರ್ಕ ಮುಂತಾದವನ್ನು ಒಂದು ಕಡೆ ಇಟ್ಟು, ಯೋಜನೆಗಳ ಬಗೆಗಿನ ಪ್ರಶ್ನೆಗಳಿಗೆ ರೈತ ಕೊಟ್ಟ ಉತ್ತರಗಳಿಗೆ ಅಂಕ ನೀಡಿ, ಇವೆರಡರ ಸಂಬಂಧವನ್ನು ಲೆಕ್ಕ ಹಾಕುವುದು ಅವರ ವಿಧಾನ. ಓದಿದವನಿಗೆ ಹೆಚ್ಚು ತಿಳಿದಿದೆ, ಕಚೇರಿಗೆ ಹೋಗಿಬರುವವನಿಗೆ ಹೆಚ್ಚು ತಿಳಿದಿದೆ ಎಂಬ ಫಲಿತಾಂಶ ಇದರಿಂದ ಸಾಮಾನ್ಯವಾಗಿ ಹೊರಬರುತ್ತದೆ. ಇದು ಸುಳ್ಳೇನಲ್ಲ. ಆದರೆ ಕಚೇರಿಗೆ ಹೋಗಿಬರುವುದರಿಂದ ತಿಳಿಯಿತೋ, ತನಗೆ ಸಿಗುವಂಥದ್ದು ಅಲ್ಲಿ ಏನೋ ಇದೆ ಎಂಬ ಕಾರಣಕ್ಕೆ ಹೋಗಿಬರುತ್ತಾನೋ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಹೊಸ ವಿಚಾರಗಳ ಪ್ರಸರಣವನ್ನು ಕುರಿತು ಎವರೆಟ್ ರೋಜರ್ಸ್ 1962ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರಕ್ಕೆ ಅಡಿಪಾಯದಂತಿದೆ. ಆತ ತಿಳಿವಳಿಕೆಯಲ್ಲಿ ಮೂರು ಬಗೆಗಳನ್ನು ಗುರುತಿಸುತ್ತಾನೆ. ಒಂದು ವಸ್ತು ಇದೆ ಎಂದು ತಿಳಿಯುವುದು ಮೊದಲನೆಯದು, ಅದನ್ನು ಬಳಸುವ ಬಗೆಯನ್ನು ತಿಳಿಯುವುದು ಎರಡನೆಯದು, ಅದರ ಹಿಂದಿನ ತತ್ತ್ವವನ್ನು ತಿಳಿಯುವುದು ಮೂರನೆಯದು. ಸರ್ಕಾರದ ಅರಿವು ಕಾರ್ಯಕ್ರಮಗಳು ಬಹುಮಟ್ಟಿಗೆ ಮೊದಲನೆಯದರಲ್ಲೇ ನಿಲ್ಲುತ್ತವೆ. ಯೋಜನೆಯ ಹೆಸರು, ಸಹಾಯಧನದ ಮೊತ್ತ, ಅರ್ಜಿಯ ಕೊನೆಯ ದಿನಾಂಕ ಗೋಡೆಯ ಮೇಲೆ ಬರೆಯಲ್ಪಡುತ್ತವೆ. ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು, ಯಾರ ಮುಂದೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂಬುದು ಗೋಡೆಯ ಮೇಲೆ ಬರುವುದಿಲ್ಲ. ಗಿರಿಜನ ರೈತನಿಗೆ ಅತ್ಯಂತ ಅಗತ್ಯವಾದದ್ದು ಈ ಎರಡನೆಯ ಬಗೆಯ ತಿಳಿವಳಿಕೆ.

ಅಂಕಿ-ಅಂಶಗಳಲ್ಲಿ ಮತ್ತೊಂದು ತೊಡಕಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42,48,987. ಇದರಲ್ಲಿ ಸುಮಾರು ಮುಕ್ಕಾಲು ಭಾಗ ಬಯಲುಸೀಮೆಯಲ್ಲೇ ಹೆಚ್ಚಾಗಿ ನೆಲೆಸಿರುವ ನಾಯಕ ಸಮುದಾಯದವರು. ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಕೊರಗರು 15 ಸಾವಿರಕ್ಕೂ ಕಡಿಮೆ. ಹೀಗಿರುವಾಗ ‘ಪರಿಶಿಷ್ಟ ಪಂಗಡದ ರೈತರು’ ಎಂಬ ಒಂದೇ ಶೀರ್ಷಿಕೆಯಡಿ ತೆಗೆದ ಸರಾಸರಿ ಕಾಡಿನ ಅಂಚಿನ ಹಾಡಿಗಳ ಸ್ಥಿತಿಯನ್ನು ಹೇಳಲಾರದು.

ಪಹಣಿ ಮತ್ತು ತಿಳಿವಳಿಕೆ

ಕೃಷಿಗೆ ಸಂಬಂಧಿಸಿದ ಯೋಜನೆಗಳ ಬಾಗಿಲು ಪಹಣಿ. ಸಣ್ಣ ಮತ್ತು ಅತಿಸಣ್ಣ ರೈತರಿಗೆ ಕೊಳವೆ ಬಾವಿ, ಪಂಪ್‌ಸೆಟ್, ವಿದ್ಯುತ್ ಸಂಪರ್ಕ ಒದಗಿಸುವ ಗಂಗಾ ಕಲ್ಯಾಣ ಯೋಜನೆಗೆ ಅರ್ಜಿದಾರನ ಹೆಸರಿನಲ್ಲಿ ಜಮೀನಿರಬೇಕು. 2019ರಲ್ಲಿ ಆರಂಭವಾದ, ವರ್ಷಕ್ಕೆ 6,000 ರೂಪಾಯಿ ನೀಡುವ ಕಿಸಾನ್ ಸಮ್ಮಾನ್ ಯೋಜನೆಗೂ ಹಿಡುವಳಿಯೇ ಆಧಾರ. ರೈತರ ವಿವರಗಳನ್ನು ಒಂದೆಡೆ ಸೇರಿಸುವ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶವೂ ಪಹಣಿಯನ್ನೇ ಕೇಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ ತಲೆಮಾರುಗಳಿಂದ ರಾಗಿ ಬೆಳೆದು, ಈಚಿನ ದಶಕಗಳಲ್ಲಿ ಕಾಫಿ, ಮೆಣಸು ಬೆಳೆಯುತ್ತಿರುವ ಸೋಲಿಗನ ಜಮೀನು ದಾಖಲೆಯಲ್ಲಿ ಅರಣ್ಯವೆಂದೇ ಇದ್ದರೆ, ಆತ ಬೇಸಾಯ ಮಾಡಿಯೂ ದಾಖಲೆಯ ಪ್ರಕಾರ ರೈತನಾಗುವುದಿಲ್ಲ.

ದಾಖಲೆಯ ಪ್ರಕಾರ ರೈತನಲ್ಲದವನು ರೈತರ ಯೋಜನೆಗಳ ಸುದ್ದಿಯನ್ನು ಏಕೆ ನೆನಪಿಟ್ಟುಕೊಳ್ಳಬೇಕು? ಮನುಷ್ಯರು ತಮಗೆ ಒದಗುವ ಸಂಗತಿಯನ್ನು ಅರಸಿ ತಿಳಿಯುತ್ತಾರೆ, ಒದಗದ್ದನ್ನು ಕೇಳಿಯೂ ಮರೆಯುತ್ತಾರೆ. ಹೋಬಳಿ ಕೇಂದ್ರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಪಹಣಿಯಿಲ್ಲವೆಂದು ಒಮ್ಮೆ ಬರಿಗೈಯಲ್ಲಿ ಹಿಂತಿರುಗಿದವನು ಎರಡನೆಯ ಬಾರಿ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಹೋಗಲಾರ. ಸಮೀಕ್ಷೆಯ ಹಾಳೆಯಲ್ಲಿ ಇದು ‘ಅರಿವಿಲ್ಲ’ ಎಂದು ದಾಖಲಾಗುತ್ತದೆ. ವಾಸ್ತವದಲ್ಲಿ ಅದು ಅನುಭವದಿಂದ ಬಂದ ಒಂದು ನಿರ್ಧಾರ.

ಸುದ್ದಿ ತರುವವರು

ಸುದ್ದಿಯ ಬೆಲೆ ಅದನ್ನು ತರುವವನ ಮೇಲೆ ನಿಂತಿದೆ. ಕಾಡಂಚಿನ ಹಾಡಿಗಳಲ್ಲಿ ಸರ್ಕಾರವೆಂದರೆ ದಿನನಿತ್ಯ ಕಣ್ಣಿಗೆ ಬೀಳುವುದು ಅರಣ್ಯ ಇಲಾಖೆ. ಕುಮರಿ ಬೇಸಾಯವನ್ನು ನಿಲ್ಲಿಸಿದ್ದು, ‘ತರಗು ಬೆಂಕಿ’ಯನ್ನು ಅಪರಾಧವೆಂದು ಸಾರಿದ್ದು ಸರ್ಕಾರವೇ. ವನ್ಯಜೀವಿ (ಸಂರಕ್ಷಣೆ) ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ತರುವಾಯ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವುದನ್ನು ನಿಷೇಧಿಸಿದ್ದೂ ಸರ್ಕಾರವೇ. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಬಿನಿ ಜಲಾಶಯ ಮತ್ತು ನಾಗರಹೊಳೆ ಉದ್ಯಾನಗಳ ಕಾರಣದಿಂದ ನೆಲೆ ಕಳೆದುಕೊಂಡ ಕುಟುಂಬಗಳ ನೆನಪು ಇನ್ನೂ ಮಾಸಿಲ್ಲ. ಅದೇ ಸರ್ಕಾರದ ಇನ್ನೊಂದು ಇಲಾಖೆ ‘ನಿಮಗಾಗಿ ಯೋಜನೆ ತಂದಿದ್ದೇವೆ, ಇಲ್ಲಿ ಹೆಬ್ಬೆಟ್ಟು ಒತ್ತಿ’ ಎಂದಾಗ ಹಾಡಿಯವರು ಹಿಂಜರಿದರೆ ಅದನ್ನು ಅಜ್ಞಾನವೆನ್ನುವುದು ಸರಿಯಲ್ಲ.

ಆದ್ದರಿಂದಲೇ ಗಿರಿಜನರ ನಡುವೆ ಸುದ್ದಿ ಹರಿಯುವ ದಾರಿ ಬೇರೆ. ಲ್ಯಾಂಪ್ಸ್ ಎಂದೇ ಹೆಸರಾದ ಗಿರಿಜನ ವಿವಿಧೋದ್ದೇಶ ಸಹಕಾರ ಸಂಘಗಳು, ಪೋಡಿನ ಯಜಮಾನರು, ಆಶ್ರಮ ಶಾಲೆಯಲ್ಲಿ ಓದಿದ ಮಕ್ಕಳು, ಸಮುದಾಯದ ಸಂಘಟನೆಗಳು ಮತ್ತು ನೆಲೆನಿಂತ ಸ್ವಯಂಸೇವಾ ಸಂಸ್ಥೆಗಳು ಈ ದಾರಿಯ ಮುಖ್ಯ ತಾಣಗಳು. ಬಿಳಿಗಿರಿರಂಗನ ಬೆಟ್ಟದಲ್ಲಿ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತುದನ್ನು ಇಲ್ಲಿ ನೆನೆಯಬಹುದು. ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡಿನಲ್ಲಿ ಈ ಹಕ್ಕು ಸಾಧ್ಯವಾದದ್ದರ ಹಿಂದೆ ಸೋಲಿಗ ಸಂಘಟನೆಗಳ ಮತ್ತು ಅವುಗಳೊಡನೆ ನಿಂತ ಸಂಸ್ಥೆಗಳ ಹಲವು ವರ್ಷಗಳ ದುಡಿಮೆಯಿದೆ. ಆ ಗಿರಿಜನರಿಗೂ ಬೇರೆ ಸೀಮೆಯ ಗಿರಿಜನರಿಗೂ ಸಾಕ್ಷರತೆಯಲ್ಲಿ ದೊಡ್ಡ ಅಂತರವಿತ್ತೆಂದು ಈ ಸಾಧನೆಯನ್ನು ವಿವರಿಸಲಾಗದು. ನಂಬಿಕೆಗೆ ಅರ್ಹವಾದ ಬಾಯಿಯಿಂದ, ತಮ್ಮದೇ ಪೋಡಿನಲ್ಲಿ ಕುಳಿತು, ಪ್ರಶ್ನೆ ಕೇಳುವ ಅವಕಾಶದೊಂದಿಗೆ ಅವರು ಕಾಯ್ದೆಯನ್ನು ತಿಳಿದರು ಎಂಬುದೇ ವ್ಯತ್ಯಾಸ.

ಹೇಳುವ ಕಾಲವೂ ಲೆಕ್ಕಕ್ಕೆ ಬರುತ್ತದೆ. ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುವ ತಿಂಗಳುಗಳಲ್ಲಿ ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಗಳಿಂದ ಕೂಲಿಗೆ ಹೋಗುವವರು ಬಹಳ. ಆ ತಿಂಗಳಲ್ಲಿ ಹಗಲು ಹೊತ್ತು ನಡೆಯುವ ಸಭೆಗೆ ಸಿಗುವವರು ವೃದ್ಧರು ಮತ್ತು ಮಕ್ಕಳು. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಬೇರೆ. ಅರಣ್ಯ ಹಕ್ಕು ಕಾಯ್ದೆಯಂತೆ ವಿವಾಹಿತರ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಬೇಕು. ಗ್ರಾಮಸಭೆಗೆ ಬಂದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕೆಂದೂ ನಿಯಮವಿದೆ. ಆದರೆ ಕೃಷಿ ಇಲಾಖೆಯ ತರಬೇತಿಗೆ ‘ರೈತ’ನೆಂದು ಕರೆಸಿಕೊಳ್ಳುವವನು ಸಾಮಾನ್ಯವಾಗಿ ಗಂಡಸೇ. ಬೀಜ ಆರಿಸುವವಳು, ಕಳೆ ಕೀಳುವವಳು, ಗೆಣಸು ಅಗೆಯುವವಳು ಸುದ್ದಿಯನ್ನು ಎರಡನೆಯ ಕೈಯಿಂದ ಪಡೆಯುತ್ತಾಳೆ.

ಯಾವ ಕನ್ನಡ?

ಗಿರಿಜನರಿಗೆ ಕನ್ನಡ ಬರುತ್ತದೆ, ಸರ್ಕಾರದ ಆದೇಶಗಳೂ ಕನ್ನಡದಲ್ಲಿವೆ, ಹೀಗಿರುವಾಗ ಭಾಷೆಯ ತೊಡಕೆಲ್ಲಿ ಎಂದು ಕೇಳಬಹುದು. 1963ರ ರಾಜಭಾಷಾ ಅಧಿನಿಯಮದ ನಂತರ ಆಡಳಿತದಲ್ಲಿ ಕನ್ನಡವನ್ನು ನೆಲೆಗೊಳಿಸಲು ನಡೆದ ಹೋರಾಟ ಸಣ್ಣದಲ್ಲ. ಆದರೆ ಆ ಹೋರಾಟ ಇಂಗ್ಲಿಷನ್ನು ಎದುರಿಗಿಟ್ಟುಕೊಂಡು ನಡೆದ ಕಾರಣ, ಕನ್ನಡದೊಳಗಿನ ಅಂತರಗಳ ಕಡೆಗೆ ಗಮನ ಹೋಗಲಿಲ್ಲ. ಸೋಲಿಗ ನುಡಿ, ಜೇನುಕುರುಬರ ನುಡಿ ಕನ್ನಡಕ್ಕೆ ಹತ್ತಿರದವು. ಯರವರ, ಕೊರಗರ ನುಡಿಗಳು ಬೇರೆ. ಮಲೆಕುಡಿಯರ ಆಡುಮಾತು ತುಳು. ಹಕ್ಕಿಪಿಕ್ಕಿಗಳ ವಾಗ್ರಿ ಇಂಡೋ-ಆರ್ಯನ್ ಗುಂಪಿಗೆ ಸೇರಿದ್ದು. ಇವರೆಲ್ಲರಿಗೂ ಸಂತೆಯ ಕನ್ನಡ ಗೊತ್ತು. ಕಚೇರಿಯ ಕನ್ನಡ ಮತ್ತೊಂದು ಭಾಷೆಯಷ್ಟೇ ದೂರ.

ಕೆಲವು ಪದಗಳನ್ನು ನಿದರ್ಶನವಾಗಿ ನೋಡಬಹುದು. ‘ಸ್ವಾಧೀನ’ ಎಂಬ ಪದ ಅರಣ್ಯ ಹಕ್ಕಿನ ಅರ್ಜಿಯ ಸಂದರ್ಭದಲ್ಲಿ ಅರ್ಜಿದಾರನ ವಶದಲ್ಲಿ ಜಮೀನಿರುವುದನ್ನು ಸೂಚಿಸುತ್ತದೆ. ‘ಭೂಸ್ವಾಧೀನ’ ಎಂದಾಗ ಸರ್ಕಾರ ಜಮೀನನ್ನು ತೆಗೆದುಕೊಳ್ಳುವುದು ಎಂದರ್ಥ. ಜಲಾಶಯಕ್ಕಾಗಿ ನೆಲ ಬಿಟ್ಟವರ ಮಕ್ಕಳಿಗೆ ಪರಿಚಿತವಾಗಿರುವುದು ಈ ಎರಡನೆಯ ಅರ್ಥ. ಒಂದೇ ಪದ ಹಕ್ಕನ್ನೂ ಹಕ್ಕಿನ ನಾಶವನ್ನೂ ಹೇಳುವಾಗ ಕೇಳುವವನು ಅಂಜುವುದು ಸಹಜ.

‘ಗ್ರಾಮಸಭೆ’ಯದು ಇನ್ನೊಂದು ಬಗೆಯ ಗೊಂದಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಗ್ರಾಮಸಭೆಯ ವ್ಯಾಪ್ತಿ ದೊಡ್ಡದು, ಅಲ್ಲಿ ಹಾಡಿಯವರು ಅಲ್ಪಸಂಖ್ಯಾತರು. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಪೋಡಿನಲ್ಲಿ, ಹಾಡಿಯಲ್ಲಿಯೇ ಸೇರಬಹುದಾದ ಸಭೆ. ಕಂದಾಯ ದಾಖಲೆಯಲ್ಲಿ ಗ್ರಾಮವೆಂದು ನಮೂದಾಗದ ನೆಲೆಯನ್ನೂ ಆ ಕಾಯ್ದೆ ಗ್ರಾಮವೆಂದು ಒಪ್ಪುತ್ತದೆ. ಎರಡಕ್ಕೂ ಒಂದೇ ಹೆಸರಿರುವ ಕಾರಣ ತನ್ನ ಪೋಡಿನಲ್ಲಿ ಸಭೆ ಕರೆಯುವ ಅಧಿಕಾರ ತನಗಿದೆ ಎಂಬ ಮೂಲಭೂತ ಸಂಗತಿಯೇ ಮರೆಯಾಗುತ್ತದೆ. ಹಾಗೆಯೇ ‘ಕಿರು ಅರಣ್ಯ ಉತ್ಪನ್ನ’ ಎಂಬ ಪದಪುಂಜ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಮಾಕಳಿ ಬೇರು ಎಂದು ಬಿಡಿಸಿ ಹೇಳಿದಾಗ ಮಾತ್ರ ಜೀವ ಪಡೆಯುತ್ತದೆ. ‘ಫಲಾನುಭವಿ’ ಎಂಬ ಪದವಂತೂ ಹಕ್ಕುದಾರನನ್ನು ಕೃಪೆಗೆ ಪಾತ್ರನಾದವನಾಗಿ ಮಾರ್ಪಡಿಸುತ್ತದೆ.

ವಾಕ್ಯರಚನೆಯೂ ಇದೇ ಕೆಲಸ ಮಾಡುತ್ತದೆ. ‘ಅರ್ಜಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬಲ್ಲಿ ಕರ್ತೃವಿಲ್ಲ. ತಿರಸ್ಕರಿಸಿದವರು ಯಾರು, ಯಾವ ಸಾಕ್ಷ್ಯ ಸಾಲದಾಯಿತು, ಮುಂದಿನ ಬಾಗಿಲು ಯಾವುದು ಎಂಬ ಮೂರೂ ಆ ಒಂದು ಕ್ರಿಯಾಪದದಲ್ಲಿ ಮುಚ್ಚಿಹೋಗುತ್ತವೆ. ಹೊಸ ಯೋಜನೆಗಳ ಹೆಸರುಗಳು ಈ ದೂರವನ್ನು ಹೆಚ್ಚಿಸಿವೆ. ಜೇನುಕುರುಬ ಮತ್ತು ಕೊರಗರೂ ಒಳಗೊಂಡಂತೆ ಅತಿ ದುರ್ಬಲ ಬುಡಕಟ್ಟುಗಳಿಗಾಗಿ 2023ರ ನವೆಂಬರ್ 15ರಂದು ಆರಂಭವಾದ ಕಾರ್ಯಕ್ರಮವನ್ನು ‘ಪಿಎಂ-ಜನ್‌ಮನ್’ ಎಂದೂ, 2024ರ ಅಕ್ಟೋಬರ್ 2ರಂದು ಆರಂಭವಾದ ಇನ್ನೊಂದನ್ನು ‘ಧರ್ತಿ ಆಬಾ ಜನಜಾತೀಯ ಗ್ರಾಮ ಉತ್ಕರ್ಷ ಅಭಿಯಾನ’ ಎಂದೂ ಕರೆಯಲಾಗಿದೆ. ಹೆಸರೇ ನಾಲಗೆಗೆ ಒಗ್ಗದ ಯೋಜನೆಯ ಬಗ್ಗೆ ‘ನಿಮಗೆ ಗೊತ್ತೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುವುದರಲ್ಲಿ ಆಶ್ಚರ್ಯವಿಲ್ಲ. ‘ಹಾಡಿಗೆ ಮನೆ, ನೀರು, ರಸ್ತೆ ಕೊಡುವುದು’ ಎಂದು ಕೇಳಿದರೆ ಉತ್ತರ ಬೇರೆಯಾದೀತು.

ತಿಳಿಯದಿರುವುದರ ಬೆಲೆ

ಇದು ಕೇವಲ ಶೈಲಿಯ ಚರ್ಚೆಯೆಂದು ತೋರಬಹುದು. ಹಾಗಲ್ಲವೆಂಬುದನ್ನು ಅರಣ್ಯ ಹಕ್ಕು ಕಾಯ್ದೆಯ ಇತಿಹಾಸ ತೋರಿಸುತ್ತದೆ. 2006ರಲ್ಲಿ ಅಂಗೀಕಾರವಾಗಿ, 2007ರ ಡಿಸೆಂಬರ್ 31ರಂದು ಜಾರಿಗೆ ಬಂದು, 2008ರ ಜನವರಿ 1ರಂದು ನಿಯಮಗಳನ್ನು ಪಡೆದ ಈ ಕಾಯ್ದೆ, 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿ ಮಾಡುತ್ತಿದ್ದ ಬುಡಕಟ್ಟು ಕುಟುಂಬಕ್ಕೆ ನಾಲ್ಕು ಹೆಕ್ಟೇರಿನ ಮಿತಿಯಲ್ಲಿ ಹಕ್ಕು ನೀಡುತ್ತದೆ. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ತೀರ್ಮಾನ ವಿರುದ್ಧವಾದರೆ ಅದನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು. ಮೇಲಿನ ಸಮಿತಿಯ ಮುಂದೆ ಹೋಗಲು ಅವನಿಗೆ 60 ದಿನಗಳ ಅವಕಾಶವಿದೆ. ಕರ್ನಾಟಕದಲ್ಲಿ ಬುಡಕಟ್ಟುಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳು ಸಲ್ಲಿಸಿದ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾದವು.

2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸುವಂತೆ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ಆದೇಶಿಸಿತು. ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿದು, ಅರ್ಜಿಗಳನ್ನು ತಿರಸ್ಕರಿಸುವಾಗ ಅನುಸರಿಸಿದ ಕ್ರಮವೇನೆಂದು ರಾಜ್ಯಗಳನ್ನೇ ಕೇಳಿತು. ಹದಿನೈದು ದಿನಗಳ ಅಂತರದಲ್ಲಿ ನಡೆದ ಈ ಎರಡು ಘಟನೆಗಳು ಒಂದು ಸತ್ಯವನ್ನು ಸ್ಪಷ್ಟಪಡಿಸಿದವು. ಹಿಂಬರಹವನ್ನು ಓದಲಾಗದಿದ್ದರೆ, 60 ದಿನಗಳ ಗಡುವು ತಿಳಿಯದಿದ್ದರೆ, ಹೋಗುವುದು ಸಹಾಯಧನ ಮಾತ್ರವಲ್ಲ, ಕಾಲ ಕೆಳಗಿನ ನೆಲವೇ ಹೋಗಬಹುದು.

ಭಾಷೆಯೊಂದನ್ನು ಸರಳಗೊಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ವಾದಿಸುವುದು ತಪ್ಪಾಗುತ್ತದೆ. ಪಹಣಿಯಿಲ್ಲದವನಿಗೆ ಗಂಗಾ ಕಲ್ಯಾಣದ ಕರಪತ್ರ ಎಷ್ಟು ತಿಳಿಗನ್ನಡದಲ್ಲಿದ್ದರೂ ನೀರು ಬರುವುದಿಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲವಾದ್ದರಿಂದ ಅಂಥ ಪ್ರದೇಶಗಳ ಗ್ರಾಮಸಭೆಗಳಿಗಿರುವ ವಿಶೇಷ ಅಧಿಕಾರವೂ ಇಲ್ಲಿನ ಗಿರಿಜನರಿಗಿಲ್ಲ. ಇವು ರಾಜಕೀಯ ತೀರ್ಮಾನದಿಂದ ಬಗೆಹರಿಯಬೇಕಾದ ಪ್ರಶ್ನೆಗಳು. ಆದರೆ ಇರುವ ಕಾನೂನಿನೊಳಗೆ ಇರುವ ಹಕ್ಕು ಭಾಷೆಯ ಕಾರಣದಿಂದ ಕೈತಪ್ಪುತ್ತಿದ್ದರೆ ಅದರ ಹೊಣೆ ಕನ್ನಡದಲ್ಲಿ ಕೆಲಸ ಮಾಡುವವರ ಮೇಲೂ ಇದೆ.

ಕನ್ನಡ ವಿಭಾಗಗಳ ಹೊಣೆ

ಈ ಹೊಣೆಗೆ ಕಾನೂನಿನಲ್ಲೇ ಆಧಾರವಿದೆ ಎಂಬುದು ಗಮನಾರ್ಹ. ಹಕ್ಕನ್ನು ಸಾಬೀತುಪಡಿಸಲು ಬಳಸಬಹುದಾದ ಸಾಕ್ಷ್ಯಗಳನ್ನು ಅರಣ್ಯ ಹಕ್ಕು ನಿಯಮಗಳ 13ನೆಯ ನಿಯಮ ಪಟ್ಟಿ ಮಾಡುತ್ತದೆ. ಸರ್ಕಾರಿ ದಾಖಲೆಗಳ ಜೊತೆಗೆ ಅರ್ಜಿದಾರರಲ್ಲದ ಹಿರಿಯರು ನೀಡಿ ಬರೆದಿಟ್ಟ ಹೇಳಿಕೆಗಳು, ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಂಥ ಪುರಾತನ ಗುರುತುಗಳು, ವಂಶಾವಳಿಗಳು ಅದರಲ್ಲಿವೆ. ಸಂಪ್ರದಾಯ, ಆಚರಣೆಗಳನ್ನು ಕುರಿತು ಪ್ರತಿಷ್ಠಿತ ಸಂಸ್ಥೆಗಳು ನಡೆಸಿದ ಸಂಶೋಧನೆ ಮತ್ತು ದಾಖಲೀಕರಣವೂ ಆ ಪಟ್ಟಿಯಲ್ಲಿದೆ. ನಿರ್ದಿಷ್ಟ ಬಗೆಯ ಲಿಖಿತ ದಾಖಲೆಯೇ ಬೇಕೆಂದು ಸಮಿತಿಗಳು ಪಟ್ಟುಹಿಡಿಯಬಾರದೆಂದು 2012ರ ತಿದ್ದುಪಡಿ ಹೇಳುತ್ತದೆ.

ಜಾನಪದ ಮತ್ತು ಬುಡಕಟ್ಟು ಅಧ್ಯಯನದ ಹೆಸರಿನಲ್ಲಿ ಕನ್ನಡ ವಿಭಾಗಗಳು ದಶಕಗಳಿಂದ ಸಂಗ್ರಹಿಸಿರುವುದು ಬಹುಪಾಲು ಇಂಥ ಸಾಮಗ್ರಿಯನ್ನೇ. ಬಿಳಿಗಿರಿರಂಗನನ್ನು ಸೋಲಿಗರು ಭಾವನೆಂದು ಕರೆಯುವ ಕುಸುಮಾಲೆಯ ಕಥೆ, ಮಾದೇಶ್ವರ ಮಹಾಕಾವ್ಯದ ಸಂಕಮ್ಮನ ಸಾಲು, ಕುಲಗಳ ‘ಎಲ್ಲೆ’ಗಳು, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ವಿಂಗಡಿಸಲಾಗುವ ನೂರಾರು ಪವಿತ್ರ ನೆಲೆಗಳು, ಇವೆಲ್ಲ ಸಾಹಿತ್ಯ ಮತ್ತು ಸಂಸ್ಕೃತಿಯ ಆಕರಗಳಾಗಿ ಓದಲ್ಪಟ್ಟಿವೆ. ಇವು ನೆಲದ ಸಾಕ್ಷ್ಯವೂ ಹೌದು. ಹಾಡಿನಲ್ಲಿ ಬರುವ ಒಂದು ಹಳ್ಳದ ಹೆಸರು, ಗುಡಿಯ ಹೆಸರು ಒಂದು ಕುಲ ಅಲ್ಲಿ ಎಂದಿನಿಂದ ಬಾಳಿದೆ ಎಂಬುದಕ್ಕೆ ಪುರಾವೆಯಾಗಬಲ್ಲದು.

ಹಾಗಾಗಬೇಕಾದರೆ ಕ್ಷೇತ್ರಕಾರ್ಯದ ಶಿಸ್ತು ಸ್ವಲ್ಪ ಬದಲಾಗಬೇಕು. ಸಂಪಾದನೆಯ ಹಂತದಲ್ಲಿ ಪಠ್ಯ ಉಳಿದು ನೆಲೆ ಮಾಯವಾಗುವುದುಂಟು. ಹೇಳಿದವರ ಪೋಡು, ಕುಲ, ವಯಸ್ಸು, ದಾಖಲಿಸಿದ ದಿನಾಂಕ, ಹಾಡಿನಲ್ಲಿ ಬಂದ ಸ್ಥಳನಾಮಗಳ ಇಂದಿನ ಗುರುತು ಇವನ್ನು ಅವರ ಒಪ್ಪಿಗೆ ಪಡೆದು ದಾಖಲಿಸಬೇಕು. ಅದರ ಪ್ರತಿಯೊಂದು ಆಯಾ ಗ್ರಾಮಸಭೆಯ ಕೈಸೇರಬೇಕು. ಎರಡನೆಯದಾಗಿ, ಅರಣ್ಯ ಹಕ್ಕು ಮತ್ತು ಕೃಷಿ ಯೋಜನೆಗಳಲ್ಲಿ ಬಳಕೆಯಾಗುವ ಪದಗಳಿಗೆ ಸೋಲಿಗ, ಜೇನುಕುರುಬ, ಯರವ, ಕೊರಗ ನುಡಿಗಳಲ್ಲಿ ಆ ಸಮುದಾಯದವರೇ ಹೇಳುವ ವಿವರಣೆಗಳನ್ನು ಸೇರಿಸಿದ ಪದಕೋಶಗಳು ಸಿದ್ಧವಾಗಬೇಕು. ಮೂರನೆಯದಾಗಿ, ಆದೇಶ, ಹಿಂಬರಹ, ಕರಪತ್ರಗಳನ್ನು ಪಠ್ಯಗಳಾಗಿ ಓದುವ ಕೆಲಸ ಸ್ನಾತಕೋತ್ತರ ತರಗತಿಗಳಲ್ಲಿ ನಡೆಯಬೇಕು. ಶಾಸನಗಳ ಪದಗಳಲ್ಲಿ ಅಂದಿನ ಭೂಹಿಡುವಳಿಯ ಸ್ವರೂಪವನ್ನು ಹುಡುಕುವ ವಿದ್ಯಾರ್ಥಿಗೆ ಇಂದಿನ ಹಿಂಬರಹದಲ್ಲಿ ಅದನ್ನು ಹುಡುಕುವುದು ಅಸಾಧ್ಯವಲ್ಲ.

ಒಟ್ಟಿನಲ್ಲಿ, ‘ಗಿರಿಜನ ರೈತರಿಗೆ ಏನು ಗೊತ್ತಿಲ್ಲ’ ಎಂಬ ಪ್ರಶ್ನೆಯ ಜೊತೆಗೆ ‘ಅವರಿಗೆ ಹೇಗೆ ಹೇಳಲಾಗಿದೆ, ಯಾರು ಹೇಳಿದ್ದಾರೆ, ಕೇಳಿ ಅವರು ಏನು ಮಾಡಬಹುದಿತ್ತು’ ಎಂಬ ಪ್ರಶ್ನೆಗಳನ್ನೂ ಸಂಶೋಧನೆ ಕೇಳಬೇಕಾಗಿದೆ. ನೆಲ್ಲಿಮರದ ‘ಉಪ್ಪಿಲು’ ಹೆಚ್ಚಿದ್ದಕ್ಕೆ ತರಗು ಬೆಂಕಿ ನಿಂತದ್ದೇ ಕಾರಣವೆಂದು ಗುರುತಿಸಿದ ಸೋಲಿಗರ ತಿಳಿವನ್ನು ಕಲಿಯಲು ವಿಜ್ಞಾನಿಗಳು ಪೋಡಿಗೆ ಹೋದದ್ದುಂಟು. ಅಂಥ ಜನರನ್ನು ಅರಿವಿಲ್ಲದವರ ಪಟ್ಟಿಗೆ ಸೇರಿಸುವ ಮುನ್ನ ಆ ಪಟ್ಟಿಯ ಭಾಷೆಯನ್ನು ಪರಿಶೀಲಿಸಬೇಕು. ಅದು ಕನ್ನಡ ಅಧ್ಯಯನಕ್ಕೆ ಸೇರಿದ ಕೆಲಸ.